ಕ್ರೂಸ್ ಹಡಗಿನ ಪ್ರೇಮ-ಸಸ್ಪೆನ್ಸ್ ಕಾದಂಬರಿ: ಬೆನ್ನುಡಿ ನಂಬಿ ಕೊಳ್ಳಬೇಡಿ

ಪ್ರೇಮವೂ ಬೇಕು, ಎದೆ ಢವಢವ ಅನ್ನಿಸುವ ಸಸ್ಪೆನ್ಸೂ ಬೇಕು ಅನ್ನುವ ಓದುಗರಿಗೆ ಈ ಎಚ್ಚರಿಕೆ. ಕ್ರೂಸ್ ಹಡಗಿನಲ್ಲಿ ನಡೆಯುವ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಈಗಷ್ಟೇ ಓದಿ ಮುಗಿಸಿದೆ. ತುಂಬಾ ಬೇಸರವಾಗಿದೆ. ಇದೇ ಅಚ್ಚಿನ ಪುಸ್ತಕಗಳು ಬೇರೆಯೂ ಇವೆ. ಹಾಗಾಗಿ ಹೆಸರಿಗಿಂತ ಗುರುತು ಹೇಳುತ್ತೇನೆ. ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮಯಾಮಿಯಿಂದ ಕೆರಿಬಿಯನ್ ಕಡೆಗೆ ಹೊರಟ ಹಡಗು. ಅಮೆರಿಕದ ಇಬ್ಬರು ಅಕ್ಕತಂಗಿಯರು ಹತ್ತಿದ್ದಾರೆ. ಎರಡನೇ ರಾತ್ರಿ ಅಕ್ಕ ಕಾಣೆಯಾಗುತ್ತಾಳೆ. ಹಡಗಿನ ಭದ್ರತಾ ಅಧಿಕಾರಿ ತಂಗಿಯ ಸಹಾಯಕ್ಕೆ ಬರುತ್ತಾನೆ, ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಅಷ್ಟರಲ್ಲಿ ಅವನ ಕೋಣೆಯಲ್ಲೇ ಅಕ್ಕನ ಕಿವಿಯೋಲೆ ಸಿಗುತ್ತದೆ! ಅಲ್ಲಿವರೆಗೆ ಪುಸ್ತಕ ಕೆಳಗಿಡಲು ಮನಸ್ಸೇ ಬರಲಿಲ್ಲ. ಇಂಥ ಕತೆಯ ಜೀವ ಇರುವುದೇ ಒಂದು ಪ್ರಶ್ನೆಯಲ್ಲಿ ಅಲ್ವಾ? ನನಗೆ ಇಷ್ಟವಾದ ಇವನನ್ನು ನಂಬಬಹುದಾ?

ಮುಂದಿನ ಅಧ್ಯಾಯದಲ್ಲೇ ಆ ಪ್ರಶ್ನೆ ಸತ್ತುಹೋಗುತ್ತದೆ. 'ಯಾರೋ ತಂದು ಇಟ್ಟಿದ್ದಾರೆ' ಅನ್ನುತ್ತಾನೆ. ಅವಳು ನಂಬುತ್ತಾಳೆ. ಅಷ್ಟೇ. ಆಮೇಲೆ ಪುಟಗಟ್ಟಲೆ ಊಟ, ಉಡುಪು, ಡ್ಯಾನ್ಸ್. ಅಕ್ಕನ ನೆನಪು ಅವಳಿಗೆ ಆಗಾಗ ಬರುತ್ತದೆ, ಲೇಖಕಿಗೆ ಅದೂ ಇಲ್ಲ.

ಹಡಗನ್ನಂತೂ ಸುಮ್ನೆ ಹಾಳುಮಾಡಿದ್ದಾರೆ. ನಿಜವಾದ ಹಡಗಿನಲ್ಲಿ ಭಯ ಹುಟ್ಟಿಸುವ ಸಂಗತಿಗಳಿಗೆ ಕೊರತೆಯಿಲ್ಲ. ಇಂಥ ಹಡಗುಗಳು ಎಷ್ಟೋ ಸಲ ಬಹಾಮಾಸ್ ಅಥವಾ ಪನಾಮಾದಲ್ಲಿ ನೋಂದಣಿಯಾಗಿರುತ್ತವೆ. ನಡುಸಮುದ್ರದಲ್ಲಿ ಮುಖ್ಯವಾಗಿ ಆ ದೇಶದ ಕಾನೂನೇ ನಡೆಯುತ್ತದೆ. ಅಲ್ಲಿ ಪೊಲೀಸ್ ಠಾಣೆ ಇರುವುದಿಲ್ಲ. ಮೊದಲು ವಿಚಾರಿಸುವವರು ಹಡಗಿನ ಕಂಪನಿಯೇ ಸಂಬಳ ಕೊಟ್ಟು ಇಟ್ಟುಕೊಂಡ ಭದ್ರತಾ ಸಿಬ್ಬಂದಿ. ಅಂದರೆ ನಮ್ಮ ನಾಯಕನೇ! ಅವನು ಸತ್ಯ ಹುಡುಕುತ್ತಾನಾ, ಕಂಪನಿಯ ಹೆಸರು ಉಳಿಸುತ್ತಾನಾ? ಪ್ರೇಮ, ಭಯ ಎರಡೂ ಈ ಒಂದೇ ಸಂದೇಹದಿಂದ ಹುಟ್ಟಬಹುದಿತ್ತು. ಪುಸ್ತಕದಲ್ಲಿ ಇದರ ಒಂದು ಸಾಲೂ ಇಲ್ಲ.

ಅಮೆರಿಕದ ಬಂದರಿನಿಂದ ಹೊರಡುವ ಇಂಥ ದೊಡ್ಡ ಹಡಗುಗಳಿಗೆ 2010ರಲ್ಲಿ ಒಂದು ಕಾನೂನು ಬಂದಿದೆ. ಅಮೆರಿಕದ ಪ್ರಜೆ ಕಾಣೆಯಾದರೆ ಬೇಗನೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಬೇಕು. ಹಡಗಿನ ಅಂಚಿನ ರೇಲಿಂಗ್ ಕನಿಷ್ಠ 42 ಅಂಗುಲ ಎತ್ತರ ಇರಬೇಕು. ಹೊರಗೆ ಯಾರಿದ್ದಾರೆ ಎಂದು ನೋಡಲು ಕ್ಯಾಬಿನ್ ಬಾಗಿಲಲ್ಲಿ ಕಿಂಡಿ ಇರಬೇಕು. ಈ ಕತೆಯಲ್ಲಿ ನಾಲ್ಕು ದಿನ ಯಾರೂ ಯಾರಿಗೂ ತಿಳಿಸುವುದಿಲ್ಲ. ಯಾಕೆ ಮುಚ್ಚಿಟ್ಟರು ಎಂದು ಕೇಳುವವರೂ ಇಲ್ಲ. ಮಧ್ಯರಾತ್ರಿ ಬಾಗಿಲು ಬಡಿದರೆ ನಾಯಕಿ ನೋಡದೆಯೇ ತೆರೆಯುತ್ತಾಳೆ, ಅದೂ ಮೂರು ಸಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ನಾಯಕನ ನಡತೆ. ಅವಳ ಫೋನ್ ಕಿತ್ತುಕೊಳ್ಳುತ್ತಾನೆ. ಕ್ಯಾಮೆರಾ ದೃಶ್ಯ ಅಳಿಸಿ ಹಾಕುತ್ತಾನೆ. 'ನಿನ್ನ ಒಳ್ಳೆಯದಕ್ಕೇ' ಎಂದು ಒಂದಿಡೀ ದಿನ ಕ್ಯಾಬಿನ್‌ನಲ್ಲಿ ಕೂಡಿಹಾಕುತ್ತಾನೆ. ಇದೆಲ್ಲ ಸುಳಿವು, ಮುಂದೆ ಬಯಲಾಗುತ್ತದೆ ಎಂದು ಕಾದೆ. ಸುಳಿವಲ್ಲ. ಪುಸ್ತಕ ಅದನ್ನೇ ಪ್ರೀತಿ ಎಂದು ತೋರಿಸುತ್ತದೆ. ಬಾಗಿಲು ತೆರೆದಾಗ ಅವಳು ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ. ಇಂಥದ್ದನ್ನು ಬದುಕಿನಲ್ಲಿ ಕಂಡವರು ಈ ಅಧ್ಯಾಯ ತೆರೆಯಲೇಬೇಡಿ. ಬೆನ್ನುಡಿಯಲ್ಲಿ ಇದರ ಸುದ್ದಿಯೇ ಇಲ್ಲ. 'ಅವಳನ್ನು ಕಾಪಾಡಲು ಏನನ್ನೂ ಮಾಡಬಲ್ಲ ಗಂಡು' ಎಂದಷ್ಟೇ ಇದೆ.

ಕೊನೆಗೆ ಕೊಲೆಗಾರ ಎಂದು ಬಯಲಾಗುವವನು ಹಡಗಿನ ಮಾಲೀಕನ ತಮ್ಮ. ಆತ ಮೊದಲ ಸಲ ಕಾಣಿಸಿಕೊಳ್ಳುವುದೇ ಕೊನೆಯ ಮೂವತ್ತು ಪುಟಗಳಲ್ಲಿ. ಓದುಗರು ಊಹಿಸಲು ಒಂದೇ ಒಂದು ಎಳೆಯನ್ನೂ ಬಿಟ್ಟಿಲ್ಲ. ಅವನು ಕೊಂದದ್ದು ಹಡಗಿನ ಬೇರೊಬ್ಬ ನೌಕರನನ್ನು. ಹಾಗಾದರೆ ಅಕ್ಕ ಏನಾದಳು? ಅದು ಎರಡನೇ ಭಾಗದಲ್ಲಂತೆ. ಇದು ಮೊದಲ ಭಾಗ ಎಂದು ಮುಖಪುಟದಲ್ಲಿ ಎಲ್ಲೂ ಇಲ್ಲ.

ಉಚಿತವಾಗಿ ಸಿಗುವ ಮಾದರಿ ಪುಟಗಳನ್ನು ಓದಿ ತೀರ್ಮಾನಿಸಬೇಡಿ. ಅವು ಸರಿಯಾಗಿ ಕಿವಿಯೋಲೆ ಸಿಗುವ ಜಾಗಕ್ಕೆ ನಿಲ್ಲುತ್ತವೆ, ಅಲ್ಲಿವರೆಗೆ ಬರಹ ನಿಜಕ್ಕೂ ಚೆನ್ನಾಗಿದೆ. ಅದರ ಬದಲು ಕಡಿಮೆ ಸ್ಟಾರ್ ಕೊಟ್ಟವರ ವಿಮರ್ಶೆ ಓದಿ. 'ಕತೆ ಮುಗಿಯಲಿಲ್ಲ', 'ಕೂಡಿಹಾಕಿದ' ಎಂಬ ದೂರುಗಳು ಕಂಡರೆ ಅದು ಈ ಪುಸ್ತಕವೇ ಇರಬಹುದು, ಇಲ್ಲವೇ ಇದರ ಜಾತಿಯದ್ದು.