ಜಪಾನಿ ಕತ್ತಿಯ ಆರೈಕೆ ಕಿಟ್: ಪುಡಿಯ ಉಂಡೆಯನ್ನು ಮುಟ್ಟಬೇಡಿ

ಆನ್‌ಲೈನ್‌ನಲ್ಲಿ ಮರದ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಕಿಟ್‌ಗಳಲ್ಲೆಲ್ಲ ಹೆಚ್ಚುಕಡಿಮೆ ಇವೇ ಸಾಮಾನು: ಅಲಗಿಗೆ ಸವರುವ ಚೋಜಿ (ಅಂದರೆ ಲವಂಗ) ಎಣ್ಣೆ, ನುಗುಯಿಗಾಮಿ ಎಂಬ ಒರೆಸುವ ಕಾಗದ, ಹಿತ್ತಾಳೆಯ ಪುಟ್ಟ ಸುತ್ತಿಗೆ, ಕೋಲಿನ ತುದಿಗೆ ಕಟ್ಟಿದ ಉಚಿಕೊ ಪುಡಿಯ ಉಂಡೆ. ಮೊದಲ ಮೂರು ಹಳೆಯ ಕತ್ತಿಗೂ ಆಗುತ್ತವೆ. ನಾಲ್ಕನೆಯದು ಹಾಳು ಮಾಡುತ್ತದೆ.

ಒಳ್ಳೆಯ ಉಚಿಕೊ ಎಂದರೆ ಮೆರುಗು ಕೊಡುವ ಕಲ್ಲಿನ ಅತಿ ನುಣುಪಾದ ಪುಡಿ. ಅಗ್ಗದ ಉಂಡೆಯ ಪುಡಿ ತರಿತರಿ. ಅಲಗಿನ ಮೇಲೆ ತಟ್ಟಿ ಒರೆಸಿದಾಗ ಕೂದಲೆಳೆಯಂಥ ಗೀರು ಬೀಳುತ್ತದೆ, ಬರಬರುತ್ತ ಬಾಯಂಚಿನ ಹಾಮೊನ್, ಅಂದರೆ ಹದ ಹಾಕಿದಾಗ ಮೂಡಿದ ಗೆರೆ, ಮಸುಕಾಗುತ್ತದೆ. ಮತ್ತೆ ಮೆರುಗು ಹಾಕಿಸಿದರೆ ಸರಿಹೋಗಬಹುದು, ಆದರೆ ಪ್ರತಿ ಸಲವೂ ಉಕ್ಕು ಸವೆಯುತ್ತದೆ. ಹೋದ ಉಕ್ಕು ಬರುವುದಿಲ್ಲ. ಹಳೆಯ ಎಣ್ಣೆ ತೆಗೆಯಲು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಸುವಾಸನೆಯಿಲ್ಲದ ಮೆತ್ತನೆಯ ಟಿಶ್ಯೂ ಸಾಕು.

ಸುತ್ತಿಗೆ ಚೆನ್ನಾಗಿದೆ. ಅಲಗನ್ನು ಹಿಡಿಯಲ್ಲಿ ಕೂರಿಸಿಡುವ ಬಿದಿರು ಗೂಟ, ಅಂದರೆ ಮೆಕುಗಿ, ಒಂದು ಕಡೆ ಸಣ್ಣದು. ಆ ಕಡೆಯಿಂದಲೇ ತಟ್ಟಿ ಹೊರತೆಗೆಯಬೇಕು. ಆಮೇಲೆ ಎಡಗೈಯಲ್ಲಿ ಹಿಡಿಯನ್ನು ಹಿಡಿದು, ಅಲಗನ್ನು ಮೇಲ್ಮುಖವಾಗಿ ತುಸು ಓರೆ ಮಾಡಿ, ಬಲ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಮೆಲ್ಲಗೆ ಗುದ್ದಿದರೆ ಅಲಗು ಸಡಿಲವಾಗುತ್ತದೆ. ಚಿಕ್ಕ ಕತ್ತಿಯಾದರೆ ಇನ್ನೂ ಹಗುರವಾಗಿ ಗುದ್ದಿ, ಇಲ್ಲದಿದ್ದರೆ ಅಲಗು ಎಗರಿ ಬೀಳುತ್ತದೆ.

ಕಾಗದ ಬಿರುಸು, ಚೆನ್ನಾಗಿ ಮುದುರಿ, ಕೊಡವಿ ಬಳಸಿ. ಒರೆಸುವುದು ಯಾವಾಗಲೂ ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ತುದಿಗೆ. ಬರಿಗೈ ಅಲಗಿಗೆ ತಾಗಬಾರದು, ಬೆವರಿನ ಉಪ್ಪು ಬೇಗ ತುಕ್ಕು ಹಿಡಿಸುತ್ತದೆ. ಅಲಗಿನ ಮೇಲೆ ಬಾಗಿ ಮಾತಾಡುವುದೂ ಬೇಡ.

ಚೋಜಿ ಎಣ್ಣೆ ಈಗ ಬಹುಪಾಲು ಖನಿಜ ತೈಲವೇ, ಲವಂಗದ ಪಾಲು ತೀರಾ ಕಡಿಮೆ. ಔಷಧಿ ಅಂಗಡಿಯ ಅಪ್ಪಟ ಲವಂಗದೆಣ್ಣೆ ಇದರ ಬದಲಿಯಲ್ಲ. ಬಟ್ಟೆಗೆ ಎರಡು ಮೂರು ಹನಿ ಹಾಕಿ ಸವರಿ. ಹನಿಗಟ್ಟಿದರೆ ಹೆಚ್ಚಾಯಿತೆಂದೇ ಅರ್ಥ: ಅದು ಒರೆಯ ಮರಕ್ಕಿಳಿದು ಧೂಳನ್ನು ಹಿಡಿದಿಡುತ್ತದೆ, ಆ ಧೂಳೇ ಮುಂದೆ ಅಲಗನ್ನು ಗೀರುತ್ತದೆ. ಆರು ತಿಂಗಳಿಗೊಮ್ಮೆ ಸಾಕು. ತೇವದ ಊರಿನಲ್ಲಿ, ಹೊಸದಾಗಿ ಮೆರುಗು ಹಾಕಿಸಿದ ಅಲಗಿಗೆ ಇನ್ನೂ ಬೇಗ ಬೇಕು.

ಹಿಡಿಯೊಳಗಿನ ಬಾಲ, ನಕಾಗೊ, ಅದರ ಕಪ್ಪು ತುಕ್ಕನ್ನು ಮಾತ್ರ ಉಜ್ಜಲೇಬೇಡಿ. ಕತ್ತಿಯ ಕಾಲವನ್ನು ತಜ್ಞರು ಅಳೆಯುವುದು ಆ ತುಕ್ಕಿನ ಬಣ್ಣ ನೋಡಿಯೂ ಹೌದು. ಉಜ್ಜಿದರೆ ಬೆಲೆ ಮಣ್ಣುಪಾಲು. ಅಲಗಿನ ಮೇಲೆ ಕೆಂಪು ತುಕ್ಕು ಕಂಡರೆ ಎಣ್ಣೆ ಸವರಿಟ್ಟು, ತರಬೇತಾದ ತೊಗಿಶಿಗೆ, ಅಂದರೆ ಕತ್ತಿಗೆ ಮೆರುಗು ಹಾಕುವವರಿಗೆ, ತೋರಿಸಿ. ಮರಳುಕಾಗದ, ಲೋಹದ ಪಾಲಿಶ್ ಬೇಡವೇ ಬೇಡ.

ಕಿಟ್‌ನಲ್ಲಿ ಇರಬೇಕಾಗಿತ್ತು, ಆದರೆ ಇಲ್ಲದ್ದು ಎಂದರೆ ಬದಲಿ ಗೂಟ. ಹಳೆಯದು ಸೀಳಿದ್ದರೆ, ಅಲುಗಾಡುತ್ತಿದ್ದರೆ, ಚೆನ್ನಾಗಿ ಒಣಗಿದ ಬಿದಿರಿನಲ್ಲಿ ರಂಧ್ರಕ್ಕೆ ಸರಿಯಾಗಿ ಕೆತ್ತಿಸಿ ಹಾಕಿ. ಮೊಳೆಯಿಂದ ಕೆಲಸ ಸಾಗಿಸಬೇಡಿ.