ಕ್ಯಾನ್ ಟೂನಾ: ಮೀನಿಗೆ ನಾಲ್ಕು ಸ್ಟಾರ್, ಲೇಬಲ್ಲಿಗೆ ಎರಡೇ

ಯಾವ್ದೋ ಒಂದು ಬ್ರ್ಯಾಂಡ್ ಹಿಡ್ಕೊಂಡು ಬರೀತಿಲ್ಲ, ಕ್ಯಾನ್ ಟೂನಾ ಅನ್ನೋ ಪ್ರಾಡಕ್ಟಿಂದೇ ರಿವ್ಯೂ ಇದು. ನೀರಲ್ಲಿ ಹಾಕಿರೋದು, ಎಣ್ಣೆಲಿ ಹಾಕಿರೋದು, ಉಪ್ಪುನೀರಿಂದು, ಚಂಕ್ (ತುಂಡು), ಫ್ಲೇಕ್ (ಪುಡಿ), 'ಲೈಟ್', 'ವೈಟ್' ಎಲ್ಲಾ ತಿಂದು ನೋಡಿದೀನಿ, ಡಬ್ಬಿ ತಿರುಗಿಸಿ ಹಿಂದಿರೋ ಸಣ್ಣಕ್ಷರ ಓದೋ ಚಟ ಬೇರೆ ಇದೆ, ಅದ್ರ ಜೊತೆ ಜಗತ್ತಲ್ಲಿ ಎಷ್ಟು ಟೂನಾ ಹಿಡೀತಾರೆ, ಎಷ್ಟಕ್ಕೆ ಹೋಗತ್ತೆ ಅನ್ನೋ ಅಂಕಿಅಂಶನೂ ಆಗಾಗ ನೋಡ್ತಿರ್ತೀನಿ. ಹಂಗಾಗಿ ರುಚಿಗಿಂತ ಜಾಸ್ತಿ ಡಬ್ಬಿ ಹಿಂದಿರೋ ಲೆಕ್ಕದ ಬಗ್ಗೆನೇ ಬರೀತೀನಿ, ಬೋರಾದ್ರೆ ಸೀದಾ ಕೊನೆಗೆ ಹೋಗಿ ಯಾವ್ದು ತಗೋಬೇಕು ಅಂತ ನೋಡ್ಕೊಳಿ.

ರುಚಿ ವಿಷಯ ಬೇಗ ಮುಗಿಸ್ತೀನಿ. ಡಬ್ಬಿ ಮೀನು ಎರಡು ಸಲ ಬೆಂದಿರತ್ತೆ. ಹಡಗಲ್ಲಿ ಫ್ರೀಜ್ ಆಗಿ ಬಂದ ಮೀನನ್ನ ಫ್ಯಾಕ್ಟರಿಲಿ ಕರಗಿಸಿ ಇಡಿಯಾಗಿ ಹಬೆಲಿ ಬೇಯಿಸ್ತಾರೆ, ಚರ್ಮ ಮುಳ್ಳು ಕಪ್ಪು ಮಾಂಸ ಎಲ್ಲಾ ಕೈಯಲ್ಲೇ ಬಿಡಿಸ್ತಾರೆ, ಆಮೇಲೆ ಡಬ್ಬಿಗೆ ತುಂಬಿ ಸೀಲ್ ಮಾಡಿ ಒತ್ತಡದಲ್ಲಿ ಮತ್ತೆ ಬೇಯಿಸ್ತಾರೆ. ಒಣಒಣ ಅಂತ ಕಂಪ್ಲೇಂಟ್ ಮಾಡೋರು ಇದನ್ನ ನೆನಪಿಟ್ಕೊಳಿ, ಅದು ಪ್ರೋಸೆಸ್ಸಿನ ಗುಣ, ಒಂದು ಕಂಪನಿಯ ತಪ್ಪಲ್ಲ. ಎಣ್ಣೆಲಿರೋದು ಮೆತ್ತಗಿರತ್ತೆ, ಆದ್ರೆ ಎಣ್ಣೆ ಚೆಲ್ಲಿದ್ರೆ ಒಮೆಗಾ-3ನೂ ಸ್ವಲ್ಪ ಅದ್ರ ಜೊತೆ ಹೋಗತ್ತೆ. ಕಪ್ಪು ಮಾಂಸ ಎಲ್ಲಿ ಹೋಗತ್ತೆ ಅಂದ್ರೆ ಹೆಚ್ಚಾಗಿ ಬೆಕ್ಕಿನ ಫುಡ್ಡಿಗೆ. ಇಡೀ ಮೀನಿನ ತೂಕದಲ್ಲಿ ಡಬ್ಬಿಗೆ ಬರೋದು ಅರ್ಧಕ್ಕಿಂತ ಕಮ್ಮಿನೇ.

ಈಗ ಒಳಗಿರೋ ಮೀನು. ವ್ಯಾಪಾರದ ಲೆಕ್ಕಕ್ಕೆ ಬರೋ ಮುಖ್ಯ ಟೂನಾ ಏಳು ಜಾತಿ: ಸ್ಕಿಪ್‌ಜ್ಯಾಕ್, ಎಲ್ಲೋಫಿನ್, ಬಿಗ್‌ಐ, ಆಲ್ಬಕೋರ್, ಆಮೇಲೆ ಮೂರು ಥರದ ಬ್ಲೂಫಿನ್. 2022ರಲ್ಲಿ ಈ ಏಳೂ ಸೇರಿ ಹಿಡಿದಿದ್ದು ಸುಮಾರು 52 ಲಕ್ಷ ಟನ್. ಅದ್ರಲ್ಲಿ ಸ್ಕಿಪ್‌ಜ್ಯಾಕ್ ಒಂದೇ ಶೇ. 57ರ ಹತ್ರ, ಎಲ್ಲೋಫಿನ್ ಶೇ. 30, ಉಳಿದಿದ್ದು ಬಿಗ್‌ಐ, ಆಲ್ಬಕೋರ್. ಪೇಪರಲ್ಲಿ ಫೋಟೋ ಬರೋ ಬ್ಲೂಫಿನ್ ಮೂರೂ ಸೇರಿದ್ರೂ ಶೇ. 1ರ ಆಸುಪಾಸು ಅಷ್ಟೇ! ಡಬ್ಬಿ ಮೇಲೆ ಬರೀ 'ಟೂನಾ' ಅಂತ ಇದ್ರೆ ಒಳಗೆ ಸ್ಕಿಪ್‌ಜ್ಯಾಕ್ ಇರೋ ಸಾಧ್ಯತೆನೇ ಜಾಸ್ತಿ. ಅದೇನು ಕಳಪೆ ಮೀನಲ್ಲ. ಬೇಗ ಬೆಳೆಯತ್ತೆ, ಬಿಸಿನೀರಿನ ಸಮುದ್ರದಲ್ಲಿ ವರ್ಷಪೂರ್ತಿ ಮೊಟ್ಟೆ ಇಡತ್ತೆ, ಅದಕ್ಕೇ ಇಷ್ಟು ಹಿಡಿದ್ರೂ ಇನ್ನೂ ತಡ್ಕೊಂಡಿದೆ.

1950ರ ಹೊತ್ತಿಗೆ ಇಡೀ ಜಗತ್ತಿನ ಟೂನಾ ಹಿಡಿತ 5 ಲಕ್ಷ ಟನ್ನೂ ಇರಲಿಲ್ಲ. 2000ದ ಹತ್ರ 40 ಲಕ್ಷ, 2014ರ ಹೊತ್ತಿಗೆ 50 ಲಕ್ಷದ ಹತ್ರ, ಆಮೇಲಿಂದ ಅದ್ರ ಆಸುಪಾಸಲ್ಲೋ ಸ್ವಲ್ಪ ಮೇಲೋ ಓಡಾಡ್ತಿದೆ. ಇಷ್ಟೊಂದು ಏರಿದ್ದಕ್ಕೆ ದೊಡ್ಡ ಕಾರಣ ಪರ್ಸೀನ್ ಬಲೆ. 1950ರ ದಶಕದಲ್ಲಿ ಬಲೆ ಎಳೆಯೋ ಪವರ್ ಬ್ಲಾಕ್ ಬಂತು, ನೈಲಾನ್ ಬಲೆನೂ ಬಂತು, ಗಾಳದ ಕೋಲು ಹಿಡ್ಕೊಂಡು ಒಂದೊಂದೇ ಮೀನು ಎಳೀತಿದ್ದ ಜಾಗದಲ್ಲಿ ಇಡೀ ಗುಂಪಿಗೇ ಸುತ್ತ ಬಲೆ ಹಾಕಿ ಕೆಳಗಿಂದ ಮುಚ್ಚೋದು ಶುರುವಾಯ್ತು. ಈಗ ಒಟ್ಟು ಹಿಡಿತದಲ್ಲಿ ಸುಮಾರು ಮೂರನೇ ಎರಡು ಭಾಗ ಪರ್ಸೀನಿಂದೇ ಬರತ್ತೆ, ಕೋಲುಗಾಳದ್ದು ಶೇ. 10ಕ್ಕಿಂತ ಕಮ್ಮಿ.

ಟನ್ ಹತ್ತು ಪಟ್ಟಿಗಿಂತ ಜಾಸ್ತಿ ಏರಿದೆ ಅಂದ್ಮೇಲೆ ದುಡ್ಡೂ ಹಂಗೇ ಏರ್ತಾ ಇರ್ಬೇಕು ಅನ್ಸತ್ತೆ ಅಲ್ವಾ, ಇಲ್ಲೇ ನಂಗೆ ಇಡೀ ಪ್ರಾಡಕ್ಟಿನ ಕಥೆ ಅರ್ಥ ಆಗಿದ್ದು. ಅಮೆರಿಕದ ಪ್ಯೂ ಟ್ರಸ್ಟ್ ಅನ್ನೋ ಸಂಸ್ಥೆಯೋರು 2020ರಲ್ಲಿ ಮಾಡಿದ ಲೆಕ್ಕದ ಪ್ರಕಾರ 2018ರಲ್ಲಿ ದಡಕ್ಕೆ ಬಂದ ಟೂನಾಗೆ ಹಡಗಿನೋರಿಗೆ ಸಿಕ್ಕಿದ್ದು ಸುಮಾರು 1,200 ಕೋಟಿ ಡಾಲರ್, ಅದೇ ಮೀನು ಗಿರಾಕಿ ಕೈ ಸೇರೋ ಹೊತ್ತಿಗೆ 4,000 ಕೋಟಿ ಡಾಲರ್ ದಾಟಿರತ್ತೆ. ಅಂದ್ರೆ ಸಮುದ್ರದಿಂದ ಎತ್ತಿದವರಿಗೆ ಮೂರನೇ ಒಂದು ಭಾಗನೂ ಬರಲ್ಲ. ಇನ್ನೊಂದು ವಿಷಯ, 2012ಕ್ಕೆ ಹೋಲಿಸಿದ್ರೆ 2018ರಲ್ಲಿ ಹಿಡಿದ ಮೀನು ಜಾಸ್ತಿ, ಬಂದ ದುಡ್ಡು ಮಾತ್ರ ಕಮ್ಮಿ. ಜಾಸ್ತಿಯಾಗಿ ಬಂದಿದ್ರಲ್ಲಿ ದೊಡ್ಡ ಪಾಲು ಅಗ್ಗದ ಸ್ಕಿಪ್‌ಜ್ಯಾಕ್, ಅದು ಮಾರ್ಕೆಟ್ಟಿಗೆ ಬಂದು ತನ್ನ ರೇಟನ್ನ ತಾನೇ ಬೀಳಿಸ್ಕೊಳತ್ತೆ.

ಆ ರೇಟು ಹೇಗೆ ಕುಣಿಯತ್ತೆ ಅಂತ ನೋಡ್ಬೇಕಂದ್ರೆ ಬ್ಯಾಂಕಾಕ್ ರೇಟ್ ನೋಡಿ. ಕ್ಯಾನ್ ಟೂನಾ ರಫ್ತಲ್ಲಿ ಥಾಯ್ಲೆಂಡ್ ಮೊದಲ್ನೇದು, ಈಕ್ವೆಡಾರ್ ಅದ್ರ ಹಿಂದೆ, ಹಂಗಾಗಿ ಬ್ಯಾಂಕಾಕಲ್ಲಿ ಫ್ರೋಜನ್ ಸ್ಕಿಪ್‌ಜ್ಯಾಕ್ ಎಷ್ಟಕ್ಕೆ ಹೋಯ್ತು ಅನ್ನೋದನ್ನ ಜಗತ್ತೇ ನೋಡತ್ತೆ. 2017ರಲ್ಲಿ ಟನ್ನಿಗೆ 2,000 ಡಾಲರ್ ದಾಟಿತ್ತು, 2019ರ ಕೊನೆಗೆ 1,000 ಡಾಲರಿಗಿಂತ ಕೆಳಗೆ ಬಿತ್ತು. ಎರಡು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ! ಈಗ ಹೇಳಿ, ಆ ಎರಡು ವರ್ಷದಲ್ಲಿ ನಿಮ್ಮ ಡಬ್ಬಿ ರೇಟು ಅರ್ಧ ಆಯ್ತಾ? ಆಗಿರಲ್ಲ. ಮೀನಿನ ರೇಟು ಏರಿದಾಗ ಡಬ್ಬಿ ರೇಟು ಏರತ್ತೆ, ಇಲ್ಲಾಂದ್ರೆ ಡಬ್ಬಿನೇ ಸಣ್ಣದಾಗತ್ತೆ, ಮೀನಿನ ರೇಟು ಬಿದ್ದಾಗ ಮಾತ್ರ ಎಲ್ಲರೂ ಸುಮ್ನಾಗ್ತಾರೆ. ಲೋಹ, ಎಣ್ಣೆ, ಕೂಲಿ, ಸಾಗಾಟ ಎಲ್ಲಾ ಇದೆ ಅಂತ ಒಪ್ಕೊಳೋಣ, ಆದ್ರೆ ಅಷ್ಟೇ ಅಲ್ಲ. ಅಮೆರಿಕದಲ್ಲಿ ದೊಡ್ಡ ಟೂನಾ ಕಂಪನಿಗಳು ಒಳಗೊಳಗೇ ಮಾತಾಡ್ಕೊಂಡು ರೇಟು ಫಿಕ್ಸ್ ಮಾಡಿದ್ದು ಕೋರ್ಟಲ್ಲೇ ಸಾಬೀತಾಗಿದೆ. ಬಂಬಲ್ ಬೀ 2017ರಲ್ಲಿ ತಪ್ಪೊಪ್ಕೊಳ್ತು, ಸ್ಟಾರ್‌ಕಿಸ್ಟ್‌ಗೆ 2019ರಲ್ಲಿ 10 ಕೋಟಿ ಡಾಲರ್ ದಂಡ ಬಿತ್ತು, ಬಂಬಲ್ ಬೀಯ ಹಿಂದಿನ ಸಿಇಒಗೆ 2020ರಲ್ಲಿ 40 ತಿಂಗಳು ಜೈಲು ಶಿಕ್ಷೆ ಆಯ್ತು. ಡಬ್ಬಿ ಮೀನಿಗೋಸ್ಕರ ಜೈಲು ಅಂದ್ರೆ ಯಾರೂ ನಂಬಲ್ಲ.

ದುಡ್ಡಿನ ವಿಷಯದಲ್ಲಿ ಒಂದೇ ಒಂದು ಕಡೆ ಮೀನಿರೋ ಜಾಗದೋರು ಆಟ ತಿರುಗಿಸಿದ್ದು ಕಾಣ್ಸತ್ತೆ. ಜಗತ್ತಿನ ಟೂನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಿಂದ. ಅಲ್ಲಿನ ಕಿರಿಬಾಟಿ, ತುವಾಲು, ನವೂರು, ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪ ಇಂಥ ಎಂಟು ದೇಶಗಳು 1982ರ ನವೂರು ಒಪ್ಪಂದದಲ್ಲಿ ಒಟ್ಟಾಗಿದ್ವು, ಆಮೇಲೆ ಎಷ್ಟು ಹಡಗು ಅನ್ನೋ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬಂದ್ರು. ಅಂದ್ರೆ ನಮ್ಮ ನೀರಲ್ಲಿ ಒಂದು ದಿನ ಬಲೆ ಹಾಕ್ಬೇಕಾ, ದುಡ್ಡು ಕಟ್ಟಿ ದಿನ ಕೊಂಡ್ಕೊಳಿ, ಮೀನು ಸಿಕ್ರೂ ಸಿಗದಿದ್ರೂ ದುಡ್ಡು ದುಡ್ಡೇ. ದಿನಗಳ ಸಂಖ್ಯೆಗೂ ಮಿತಿ ಇಟ್ರು. ಒಂದು ದಿನಕ್ಕೆ ಕನಿಷ್ಠ 8,000 ಡಾಲರ್ ಅಂತ ಮಾಡಿದ್ರು, 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಒಟ್ಟು ಆದಾಯ ಹತ್ತು ವರ್ಷದೊಳಗೆ 50 ಕೋಟಿಯ ಹತ್ರ ಹೋಯ್ತು. ಸಮುದ್ರದಲ್ಲಿ ಮೀನು ಎಂಟು ಪಟ್ಟು ಜಾಸ್ತಿ ಆಗಿದ್ದಕ್ಕಾ? ಅಲ್ಲ, ಚೌಕಾಸಿ ಮಾಡೋದನ್ನ ಒಟ್ಟಿಗೆ ಸೇರಿ ಮಾಡಿದ್ದಕ್ಕೆ. ನಂಗಂತೂ ಈ ಸೆಕ್ಟರಲ್ಲಿ ಇಷ್ಟ ಆದ ಒಂದೇ ಪಾಲಿಸಿ ಇದು. ತಲೆನೋವು ಏನಂದ್ರೆ ಮೀನಿಗೆ ಗಡಿ ಗೊತ್ತಿಲ್ಲ. ಎಲ್ ನಿನ್ಯೋ ವರ್ಷ ಬಿಸಿನೀರು ಪೂರ್ವಕ್ಕೆ ಸರಿದ್ರೆ ಸ್ಕಿಪ್‌ಜ್ಯಾಕೂ ಜೊತೆಗೇ ಹೋಗತ್ತೆ, ಕಿರಿಬಾಟಿಗೆ ಹಬ್ಬ, ಪಪುವಾ ನ್ಯೂಗಿನಿಗೆ ನಷ್ಟ, ಲಾ ನಿನ್ಯಾ ಬಂದ್ರೆ ಉಲ್ಟಾ. ಹವಾಮಾನ ಹಿಂಗೇ ಬಿಸಿ ಆಗ್ತಾ ಹೋದ್ರೆ ಮೀನು ಪೂರ್ವಕ್ಕೆ, ಯಾರ ಗಡಿಗೂ ಸೇರದ ನಡುಸಮುದ್ರಕ್ಕೆ ಸರಿಯತ್ತೆ ಅಂತ ವಿಜ್ಞಾನಿಗಳು ಹೇಳ್ತಿದಾರೆ, ಆಗ ದಿನ ಮಾರೋಕೆ ಯಾರ ಹತ್ರ ಮೀನಿರತ್ತೆ ಅನ್ನೋದು ಪ್ರಶ್ನೆ.

ಇನ್ನು ನಂಗೆ ಸಿಟ್ಟು ಬರೋ ವಿಷಯ, ಫ್ಯಾಡ್, ಅಂದ್ರೆ ಮೀನು ಸೆಳೆಯೋಕೆ ಬಿಡೋ ತೇಲು ತೆಪ್ಪ. ನೀರಲ್ಲಿ ಏನಾದ್ರೂ ತೇಲ್ತಾ ಇದ್ರೆ ಟೂನಾ ಅದ್ರ ಕೆಳಗೆ ಗುಂಪು ಸೇರತ್ತೆ, ಯಾಕೆ ಅಂತ ಇನ್ನೂ ವಾದ ಇದೆ. ಅದಕ್ಕೇ ಹಡಗಿನೋರು ತೆಪ್ಪದ ಥರದ್ದನ್ನ ಮಾಡಿ, ಎಲ್ಲಿದೆ ಅಂತ ಹೇಳೋ ಸ್ಯಾಟಲೈಟ್ ತೇಲುಗುಂಡು, ಮೀನು ಎಷ್ಟಿದೆ ಅಂತ ತೋರ್ಸೋ ಎಕೋಸೌಂಡರ್ ಎಲ್ಲಾ ಹಾಕಿ ಸಮುದ್ರಕ್ಕೆ ಬಿಡ್ತಾರೆ, ಹಡಗಲ್ಲಿ ಕೂತೇ ಎಲ್ಲಿ ಹೋಗ್ಬೇಕು ಅಂತ ಗೊತ್ತಾಗತ್ತೆ, ಡೀಸೆಲ್ ಉಳಿಯತ್ತೆ, ಬಲೆ ಖಾಲಿ ಬರೋದು ಕಮ್ಮಿ. ಡಬ್ಬಿ ಅಗ್ಗ ಇರೋದಕ್ಕೆ ಇದೂ ಒಂದು ಕಾರಣ. ಆದ್ರೆ ಆ ತೆಪ್ಪದ ಕೆಳಗೆ ಸ್ಕಿಪ್‌ಜ್ಯಾಕ್ ಜೊತೆ ಬಿಗ್‌ಐ, ಎಲ್ಲೋಫಿನ್ ಮರಿಗಳೂ ಸೇರ್ಕೊಂಡಿರತ್ವೆ. ಬಿಗ್‌ಐ ಬೆಳೆದ್ರೆ ಲಾಂಗ್‌ಲೈನ್ ಗಾಳಕ್ಕೆ (ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿದ ಗಾಳ) ಸಿಗತ್ತೆ, ಮೈನಸ್ 60 ಡಿಗ್ರಿಲಿ ಫ್ರೀಜ್ ಆಗಿ ಹಸಿಯಾಗೇ ತಿನ್ನೋ ಸಶಿಮಿ ಮಾರ್ಕೆಟ್ಟಿಗೆ ಹೋಗತ್ತೆ, ಡಬ್ಬಿ ಮೀನಿನ ಎಷ್ಟೋ ಪಟ್ಟು ರೇಟು. ಮರಿ ಇದ್ದಾಗ ಪರ್ಸೀನಲ್ಲಿ ಸಿಕ್ಕಿದ್ರೆ ಉಪ್ಪುನೀರಿನ ಟ್ಯಾಂಕಲ್ಲಿ ಸ್ಕಿಪ್‌ಜ್ಯಾಕ್ ಜೊತೆ ಬಿದ್ದು ಅದೇ ರೇಟಿಗೆ ಡಬ್ಬಿ ಸೇರತ್ತೆ. ಲೆಕ್ಕದಲ್ಲಿ ಟನ್ ಜಾಸ್ತಿ ಆಯ್ತು, ಬೆಲೆ ಹಾಳಾಯ್ತು. ತೆನೆ ಕಟ್ಟೋ ಮೊದ್ಲೇ ಪೈರು ಕೊಯ್ದು ಮೇವಿಗೆ ಹಾಕಿದ ಹಂಗೆ. ಪೆಸಿಫಿಕಲ್ಲಿ ವರ್ಷದಲ್ಲಿ ಇಂತಿಷ್ಟು ಕಾಲ ಫ್ಯಾಡ್ ಬಂದ್ ಅಂತ ರೂಲ್ ಇದೆ, ಪ್ರತಿ ಸಲ ಮೀಟಿಂಗಲ್ಲೂ ಅದನ್ನ ಎಷ್ಟು ಇಡ್ಬೇಕು ಅಂತ ಎಳೆದಾಟ ಇದ್ದಿದ್ದೇ.

ಡಬ್ಬಿ ಕಂಪನಿಗಳು ಹೆಮ್ಮೆಯಿಂದ ಹೇಳೋ ಒಂದು ಅಂಕಿ ಇದೆ: ಜಗತ್ತಿನ ಟೂನಾ ಹಿಡಿತದಲ್ಲಿ ಶೇ. 85ಕ್ಕಿಂತ ಜಾಸ್ತಿ ಆರೋಗ್ಯವಾಗಿರೋ ಸ್ಟಾಕಿಂದ (ಸ್ಟಾಕ್ ಅಂದ್ರೆ ಒಂದು ಸಮುದ್ರಭಾಗದಲ್ಲಿರೋ ಒಂದು ಜಾತಿಯ ಮೀನಿನ ಸಮೂಹ) ಬರತ್ತೆ ಅಂತ. ಸುಳ್ಳಲ್ಲ, ಆದ್ರೆ ಅದು ತೂಕದ ಲೆಕ್ಕ. ಸ್ಕಿಪ್‌ಜ್ಯಾಕ್ ಅಷ್ಟೊಂದು ಇರೋದ್ರಿಂದ, ಅದು ಚೆನ್ನಾಗಿದ್ರೆ ಪರ್ಸೆಂಟೇಜ್ ತಾನಾಗೇ ಮೇಲಿರತ್ತೆ. ಒಟ್ಟು 23 ಸ್ಟಾಕಲ್ಲಿ ಎಷ್ಟು ಚೆನ್ನಾಗಿವೆ ಅಂತ ಕೇಳಿದ್ರೆ ಉತ್ತರ ಸುಮಾರು ಮೂರನೇ ಎರಡಕ್ಕೆ ಇಳಿಯತ್ತೆ. ನಿಮ್ಮ ಡಬ್ಬಿ ಯಾವ ಕಡೆ ಸೇರತ್ತೆ ಅಂತ ತಿಳಿಯೋಕೆ ಯಾವ ಜಾತಿ, ಯಾವ ಸಮುದ್ರ ಅಂತ ಗೊತ್ತಿರ್ಬೇಕು.

ಲೇಬಲ್ಲಿಗೆ ಎರಡು ಸ್ಟಾರ್ ಕೊಟ್ಟಿದ್ದು ಇದಕ್ಕೇ. ಮುಂದೆ ದೊಡ್ಡ ಡಾಲ್ಫಿನ್ ಚಿತ್ರ, ಹಿಂದೆ ಏನೂ ಇಲ್ಲ. ಡಾಲ್ಫಿನ್ ಸೇಫ್ ಅನ್ನೋದು 1990ರಲ್ಲಿ ಬಂದ ಗುರುತು, ಪೂರ್ವ ಪೆಸಿಫಿಕಲ್ಲಿ ಡಾಲ್ಫಿನ್ ಗುಂಪಿನ ಸುತ್ತ ಬಲೆ ಹಾಕಿ ಕೆಳಗಿರೋ ಎಲ್ಲೋಫಿನ್ ಹಿಡೀತಿದ್ದ ಕಾಲದ್ದು, ಒಳ್ಳೇ ಕೆಲಸನೇ ಮಾಡಿದೆ, ಆದ್ರೆ ಮರಿ ಬಿಗ್‌ಐ ಬಗ್ಗೆ, ಶಾರ್ಕ್ ಬಗ್ಗೆ ಅದು ಒಂದಕ್ಷರ ಹೇಳಲ್ಲ. ಒಳ್ಳೇ ಡಬ್ಬಿಲಿ ಮೂರು ವಿಷಯ ಇರ್ಬೇಕು, ಜಾತಿ, ಸಮುದ್ರ, ಹಿಡಿದ ರೀತಿ. ಲ್ಯಾಟಿನ್ ಹೆಸರು ಇದ್ರೆ ಇನ್ನೂ ಒಳ್ಳೇದು: ಕಾಟ್ಸುವೋನಸ್ ಪೆಲಾಮಿಸ್ ಅಂದ್ರೆ ಸ್ಕಿಪ್‌ಜ್ಯಾಕ್, ಥುನ್ನಸ್ ಆಲ್ಬಕಾರೆಸ್ ಅಂದ್ರೆ ಎಲ್ಲೋಫಿನ್, ಥುನ್ನಸ್ ಆಲಲುಂಗಾ ಅಂದ್ರೆ ಆಲ್ಬಕೋರ್. ಎಫ್‌ಎಒ ಅನ್ನೋದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸಮುದ್ರಭಾಗಗಳಿಗೆ ಕೊಟ್ಟಿರೋ ನಂಬರ್, 71 ಅಂತಿದ್ರೆ ಪಶ್ಚಿಮ ಮಧ್ಯ ಪೆಸಿಫಿಕ್, 51 ಅಂದ್ರೆ ಪಶ್ಚಿಮ ಹಿಂದೂ ಮಹಾಸಾಗರ. ಎಲ್ಲೋಫಿನ್ ತಗೊಳೋರು ಈ ನಂಬರ್ ನೋಡ್ಲೇಬೇಕು ಅಂತೀನಿ, ಯಾಕಂದ್ರೆ ಹಿಂದೂ ಮಹಾಸಾಗರದ ಎಲ್ಲೋಫಿನ್ ಅತಿಯಾಗಿ ಹಿಡಿದು ಸೊರಗಿದೆ ಅಂತ 2015ರಲ್ಲಿ ಹೇಳಿ ಹಿಡಿತ ಇಳಿಸೋ ಪ್ಲಾನ್ ತಂದಿದ್ರು, ಅದೇ ಹೊತ್ತಲ್ಲಿ ಪಶ್ಚಿಮ ಪೆಸಿಫಿಕಿಂದು ಚೆನ್ನಾಗೇ ಇತ್ತು. ಇನ್ನು ಹಿಡಿದ ರೀತಿಗೆ ಬಂದ್ರೆ 'ಪೋಲ್ ಅಂಡ್ ಲೈನ್' ಅಂತ ಇದ್ರೆ ಕೋಲುಗಾಳ, 'ಫ್ಯಾಡ್ ಫ್ರೀ' ಅಥವಾ 'ಫ್ರೀ ಸ್ಕೂಲ್' ಅಂತ ಇದ್ರೆ ತೆಪ್ಪ ಇಲ್ದೆ ಹಿಡಿದಿದ್ದು. ನವೂರು ಒಪ್ಪಂದದ ದೇಶಗಳ ಫ್ರೀ ಸ್ಕೂಲ್ ಸ್ಕಿಪ್‌ಜ್ಯಾಕಿಗೆ 2011ರಲ್ಲೇ ಎಂಎಸ್‌ಸಿ ನೀಲಿ ಮುದ್ರೆ (ಮೀನು ಖಾಲಿ ಮಾಡದ ಹಾಗೆ ಹಿಡಿಯೋರಿಗೆ ಕೊಡೋ ಗುರುತು) ಸಿಕ್ತು, ಮಾಲ್ಡೀವ್ಸ್ ಕೋಲುಗಾಳದ್ದಕ್ಕೆ 2012ರಲ್ಲಿ.

ಬ್ಲೂಫಿನ್ ಬಗ್ಗೆ ಕೇಳೋರು ಇರ್ತಾರೆ. 2019ರ ಜನವರಿಲಿ ಟೋಕಿಯೋದ ಟೊಯೋಸು ಮಾರ್ಕೆಟ್ಟಲ್ಲಿ 278 ಕೆಜಿಯ ಒಂದು ಮೀನು 33 ಕೋಟಿ ಯೆನ್ನಿಗೆ ಹೋಯ್ತಲ್ಲ, ಅದು ಹೊಸ ವರ್ಷದ ಮೊದಲ ಹರಾಜಿನ ಪಬ್ಲಿಸಿಟಿ, ಅದನ್ನ ಇಟ್ಕೊಂಡು ಟೂನಾ ಮಾರ್ಕೆಟ್ ಅಳೀಬೇಡಿ. ಬ್ಲೂಫಿನ್ನಿಂದ ಕಲಿಯೋದು ಬೇರೆ ಇದೆ: ಒಂದು ಕಾಲದಲ್ಲಿ ಪೆಸಿಫಿಕ್ ಬ್ಲೂಫಿನ್ ಮೊಟ್ಟೆ ಇಡೋ ಮೀನುಗಳ ಪ್ರಮಾಣ, ಹಿಡಿಯೋಕೆ ಶುರು ಮಾಡೋ ಮುಂಚೆ ಇದ್ದಿದ್ರ ಶೇ. 2ಕ್ಕೆ ಇಳಿದಿತ್ತು, ಕೋಟಾ ಬಿಗಿ ಮಾಡಿದ್ಮೇಲೆ 2022ರ ಹೊತ್ತಿಗೆ ಶೇ. 23ಕ್ಕೆ ಬಂತು, ಅಂದ್ಕೊಂಡಿದ್ದಕ್ಕಿಂತ ವರ್ಷಗಟ್ಲೆ ಮೊದ್ಲೇ. ಹಿಡಿಯೋದು ಕಮ್ಮಿ ಮಾಡಿದ್ರೆ ಮೀನು ವಾಪಸ್ ಬರತ್ತೆ, ಮಾಡೋಕೆ ಮನಸ್ಸಿರ್ಬೇಕು ಅಷ್ಟೇ.

ಸರಿ, ಯಾವ್ದು ತಗೋಬೇಕು. ನನ್ನ ಆಯ್ಕೆ ಜಾತಿ ಮತ್ತು ಸಮುದ್ರ ಬರೆದಿರೋ, ಕೋಲುಗಾಳದ್ದು ಅಥವಾ ಫ್ಯಾಡ್ ಇಲ್ದೆ ಹಿಡಿದ ಸ್ಕಿಪ್‌ಜ್ಯಾಕ್, ನೀರಲ್ಲಿ ಹಾಕಿರೋದು. ರೇಟು ಸ್ವಲ್ಪ ಜಾಸ್ತಿ, ಪರ್ವಾಗಿಲ್ಲ. 'ವೈಟ್' ಅಂತ ಬರ್ಯೋ ಆಲ್ಬಕೋರ್ ನೋಡೋಕೆ ಚಂದ, ತಿನ್ನೋಕೆ ಮೃದು, ಆದ್ರೆ ಸ್ಕಿಪ್‌ಜ್ಯಾಕಿಗಿಂತ ಪಾದರಸ ಸುಮಾರು ಮೂರು ಪಟ್ಟು ಇರತ್ತೆ, ಗರ್ಭಿಣಿಯರು, ಸಣ್ಣ ಮಕ್ಕಳಿರೋ ಮನೆಯೋರು ಅದನ್ನ ದಿನಾ ತಿನ್ನೋ ಡಬ್ಬಿ ಮಾಡ್ಕೋಬೇಡಿ. ಫ್ಲೇಕ್ಸ್ ಅಂತ ಬರೋ ಪುಡಿ ಡಬ್ಬಿಗೆ ನಾನು ದುಡ್ಡು ಹಾಕಲ್ಲ, ಚಂಕೇ ವಾಸಿ. ಮತ್ತೆ ರೇಟು ಹೋಲಿಸ್ವಾಗ ಡಬ್ಬಿ ಮೇಲಿನ ದೊಡ್ಡ ತೂಕ ನೋಡ್ಬೇಡಿ, ನೀರು ಬಸಿದ ಮೇಲಿನ ತೂಕ ಅಂತ ಪಕ್ಕದಲ್ಲಿ ಸಣ್ಣದಾಗಿ ಇರತ್ತೆ, ಅದನ್ನ ನೋಡಿ ಭಾಗಿಸಿ. ಆ ತೂಕನೂ ಬರೀದೆ, ಜಾತಿನೂ ಬರೀದೆ ಇರೋ ಡಬ್ಬಿನ ವಾಪಸ್ ಶೆಲ್ಫಲ್ಲಿ ಇಟ್ಬಿಡಿ.