ಬ್ಯಾಟ್‌ಮ್ಯಾನ್: ಮೊದಲು ಯಾವುದನ್ನು ಕೊಳ್ಳೋದು?

ಬ್ಯಾಟ್‌ಮ್ಯಾನ್ ಕಾಮಿಕ್ಸ್ ಶುರು ಮಾಡೋರಿಗೆ 'ದ ಕಿಲ್ಲಿಂಗ್ ಜೋಕ್' ಮೊದಲೋ, 'ಇಯರ್ ಒನ್' ಮೊದಲೋ? 'ದ ಕಿಲ್ಲಿಂಗ್ ಜೋಕ್' (1988) ಒಂದೇ ಸಂಚಿಕೆ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ವಾಡಿ ಬರುವಷ್ಟರಲ್ಲಿ ಓದಿ ಮುಗಿಸಬಹುದು. ಬ್ರಯಾನ್ ಬೊಲಂಡ್ ಬಿಡಿಸಿದ ವಿಲನ್ ಜೋಕರ್ ಮುಖಕ್ಕೇ ದುಡ್ಡು ವಸೂಲ್. ಆದರೆ ಪೊಲೀಸ್ ಕಮಿಷನರ್ ಗಾರ್ಡನ್ ಮಗಳು ಬಾರ್ಬರಾಗೆ ಅವನು ಗುಂಡು ಹೊಡೆಯುವುದು ಅವಳಪ್ಪನಿಗೆ ಹುಚ್ಚು ಹಿಡಿಸೋಕೆ ಅಷ್ಟೇ. ಅವಳ ಪಾಡೇನು ಅಂತ ಕತೆ ಜಾಸ್ತಿ ಕೇಳುವುದೇ ಇಲ್ಲ. ಬರೆದ ಆಲನ್ ಮೂರ್‌ಗೇ ಆಮೇಲೆ ಇದು ಹಿಡಿಸಲಿಲ್ಲ.

ನನ್ನ ಓಟು 'ಇಯರ್ ಒನ್'ಗೆ. 1987ರಲ್ಲಿ 'ಬ್ಯಾಟ್‌ಮ್ಯಾನ್' ಪತ್ರಿಕೆಯ 404ರಿಂದ 407ರವರೆಗೆ ನಾಲ್ಕು ಸಂಚಿಕೆಗಳಲ್ಲಿ ಬಂತು. ಬರಹ ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಜುಕೆಲ್ಲಿ. ಇಲ್ಲಿ ಹೀರೋನೇ ಮೊದಲ ಸಲ ಬೀದಿಗಿಳಿದು ಏಟು ತಿಂದು ಬರುತ್ತಾನೆ. ರಕ್ತ ಸುರಿಯುತ್ತಾ ಕುರ್ಚಿಯಲ್ಲಿ ಕೂತಿರುವಾಗ ಕಿಟಕಿ ಒಡೆದುಕೊಂಡು ಬಾವಲಿ ನುಗ್ಗುತ್ತದೆ. ಅವನಿಗಿಂತ ಪೊಲೀಸ್ ಗಾರ್ಡನ್ ಇನ್ನೂ ಇಷ್ಟವಾಗುತ್ತಾನೆ: ಸುತ್ತ ಲಂಚಕೋರರು, ಮನೆಯಲ್ಲಿ ಬಸುರಿ ಹೆಂಡತಿ. ನಮ್ಮ ಕಡೆಯ ಠಾಣೆ ಕತೆ ಅನ್ನಿಸುತ್ತೆ, ಅಲ್ವಾ? 'ದ ಕಿಲ್ಲಿಂಗ್ ಜೋಕ್' ಹೈಸ್ಕೂಲ್ ಹುಡುಗರ ಕೈಗಂತೂ ಬೇಡ.